ಜೋಳದ ಎಲೆಯೊಳಗಿನ ಮಾಲೆ

ನಾನು ಸಸ್ಯಶಾಸ್ತ್ರವನ್ನು ಓದಿದವನಲ್ಲ, ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವವನು. ಆದರೆ ಬಿ.ಎಸ್‌ಸಿ. ತರಗತಿಯವರಿಗೂ ಭಾಷೆಯ ಪಾಠವುಂಟಷ್ಟೆ. ಆ ನೆಪದಿಂದ ಅವರ ಶಾಸ್ತ್ರದ ಗಾಳಿ ಆಗಾಗ ನನ್ನ ಕಡೆಗೂ ಬೀಸುತ್ತದೆ. ಹಾಗೆ ಬೀಸಿದ ಒಂದು ದಿನದ ಮಾತನ್ನು ವಾಚಕರ ಮುಂದಿಡುತ್ತೇನೆ.

‘ನಮ್ಮೂರಿನ ಒಂದು ಗಿಡ’ ಎಂಬ ಪ್ರಬಂಧವನ್ನು ಬರೆಯಹೇಳಿದ್ದೆ. ತುಳಸಿ, ಬೇವು, ಹಡಗಲಿಯ ಮಲ್ಲಿಗೆ ಎಲ್ಲವೂ ಬಂದವು. ಒಬ್ಬ ಹುಡುಗ ಮಾತ್ರ ಜೋಳದ ಮೇಲೆ ಬರೆದಿದ್ದ. ಅವನದು ಕೋಗಳಿ, ಶಾಸನಗಳಲ್ಲಿ ‘ಕೋಗಳಿ 500’ ಎಂದು ನಾಡಿಗೇ ಹೆಸರು ಕೊಟ್ಟ ಊರು, ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಪ್ರಬಂಧದ ಮೊದಲ ವಾಕ್ಯವನ್ನು ಓದಿಯೇ ನಾನು ಬೆಚ್ಚಿದೆ: “ನಮ್ಮನ್ನು ಸಾಕಿದ ಬೆಳೆಯೇ ನಮ್ಮ ಎತ್ತನ್ನು ಕೊಂದಿತು.”

ಕರೆದು ವಿಚಾರಿಸಿದೆ. ಒಂದು ವರ್ಷ ಮಳೆ ಕೈಕೊಟ್ಟು ಜೋಳ ಮೊಣಕಾಲೆತ್ತರಕ್ಕೇ ಕಮರಿ ನಿಂತಿತ್ತಂತೆ. ರಾತ್ರಿ ಹಗ್ಗ ಹರಿದುಕೊಂಡ ಎತ್ತು ಹೊಲಕ್ಕೆ ನುಗ್ಗಿ ಮೇಯಿತು. ಬೆಳಗಾಗುವ ಮುನ್ನ ಬದುವಿನಲ್ಲೇ ಸತ್ತು ಬಿದ್ದಿತ್ತು. ಜೋಡಿ ಮುರಿದ ಮೇಲೆ ಬೇಸಾಯವೂ ಅರ್ಧವಾಯಿತು. ಅಷ್ಟು ಹೇಳಿ ಅವನು ತಲೆ ತಗ್ಗಿಸಿ, “ಸರ್, ಈ ಸಸ್ಯಶಾಸ್ತ್ರ ಬಿಟ್ಟುಬಿಡೋಣ ಅನ್ನಿಸೈತ್ರಿ. ಬರೀ ಹೆಸರು ಬಾಯಿಪಾಠ. ನಮ್ಮ ಹೊಲಕ್ಕೂ ಅದಕ್ಕೂ ಏನು ಸಂಬಂಧರೀ?” ಎಂದ.

ಉತ್ತರ ನನ್ನಲ್ಲಿರಲಿಲ್ಲ. ಅವನನ್ನು ಸಸ್ಯಶಾಸ್ತ್ರದ ಮಿತ್ರರ ಬಳಿಗೆ ಕರೆದೊಯ್ದೆ. ಅವರು ಜೋಳದ ಎಲೆಯೊಂದನ್ನು ತರಿಸಿ, ಬ್ಲೇಡಿನಿಂದ ಕೂದಲೆಳೆಯಷ್ಟು ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಎಲೆಯ ಪ್ರತಿಯೊಂದು ನರದ ಸುತ್ತಲೂ ದಪ್ಪ ಜೀವಕೋಶಗಳು ಹಾರದಂತೆ ಪೋಣಿಸಿಕೊಂಡಿದ್ದವು! ಹ್ಯಾಬರ್‌ಲಾಂಟ್ ಎಂಬ ಆಸ್ಟ್ರಿಯದ ವಿಜ್ಞಾನಿ 1884ರ ತನ್ನ ಗ್ರಂಥದಲ್ಲಿ ಇಂಥ ರಚನೆಯನ್ನು ವರ್ಣಿಸಿದ್ದಾನೆ. ಅದಕ್ಕೆ ಇಟ್ಟ ‘ಕ್ರಾಂಟ್ಸ್’ ಎಂಬ ಜರ್ಮನ್ ಹೆಸರಿನ ಅರ್ಥ ಮಾಲೆ ಎಂದೇ. ಮಾಲೆಯ ಕೆಲಸವೇನೆಂಬುದು ಮಾತ್ರ ಬಹುಕಾಲ ತಿಳಿಯದೆ ಉಳಿಯಿತು. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು ಕಬ್ಬಿನ ಎಲೆಯನ್ನು ಪರೀಕ್ಷಿಸಿ ಅದರ ದಾರಿಯನ್ನು ಬಿಡಿಸಿದರು.

ಮಿತ್ರರು ವಿವರಿಸಿದ್ದಿಷ್ಟು. ಗಾಳಿಯನ್ನು ಒಳಕ್ಕೆ ಬಿಡಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಲೇಬೇಕು. ತೆರೆದರೆ ಒಳಗಿನ ನೀರು ಆವಿಯಾಗುತ್ತದೆ. ಬಿಸಿಲಿನಲ್ಲಿ ರಂಧ್ರಗಳನ್ನು ಕಿರಿದು ಮಾಡಿಕೊಂಡರೆ ಇಂಗಾಲದ ಡೈಆಕ್ಸೈಡು ಸಾಲದೆ ಭತ್ತದಂಥ ಪೈರು ಬಡವಾಗುತ್ತದೆ. ಜೋಳವಾದರೋ ಸಿಕ್ಕಷ್ಟನ್ನೇ ಹೊರಗಿನ ಕೋಶಗಳಲ್ಲಿ ಹಿಡಿದು, ಮಾಲೆಯ ಕೋಶಗಳಿಗೆ ಸಾಗಿಸಿ, ಅಲ್ಲಿ ಒತ್ತಾಗಿ ಕೂಡಿಟ್ಟು ಸಕ್ಕರೆ ಮಾಡಿಕೊಳ್ಳುತ್ತದೆ. ಕಡಿಮೆ ನೀರು, ಹೆಚ್ಚು ಆಹಾರ. ನೀರು ಇನ್ನೂ ಇಳಿದರೆ ಎಲೆಯ ಮೇಲ್ಮೈಯ ದೊಡ್ಡ ಕೋಶಗಳು ಕುಗ್ಗಿ ಎಲೆಯೇ ಸುರುಳಿಯಾಗುತ್ತದೆ. ಬರದಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಮಳೆ ಬಂದಾಗ ಮತ್ತೆ ಏಳುವ ತಾಳ್ಮೆಯೂ ಜೋಳಕ್ಕುಂಟು. ಮೆಕ್ಕೆಜೋಳದ ಎಲೆಯಲ್ಲಿಯೂ ಮಾಲೆಯಿದೆ. ಆದರೆ ತೆನೆ ರೇಷ್ಮೆಯೊಡೆಯುವ ಸಮಯಕ್ಕೆ ಮಳೆ ತಪ್ಪಿದರೆ ಕಾಳು ಕಟ್ಟುವುದು ಕಷ್ಟ.

“ಎತ್ತು ಸತ್ತದ್ದು?” ಎಂದ ಹುಡುಗ.

ಎಳೆಯ ಜೋಳದಲ್ಲಿ ‘ಧುರಿನ್’ ಎಂಬ ವಸ್ತುವುಂಟಂತೆ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬವರು ಅದನ್ನು ಬೇರ್ಪಡಿಸಿದರು. ಹೆಸರು ಜೋಳದ ಅರಬ್ಬಿ ಹೆಸರಿನಿಂದ ಬಂದದ್ದು. ಎಲೆ ನಲುಗದಿರುವವರೆಗೆ ಆ ವಸ್ತುವೊಂದು ಕಡೆ, ಅದನ್ನು ಒಡೆಯುವ ಕಿಣ್ವವೊಂದು ಕಡೆ. ದನದ ಹಲ್ಲಿಗೆ ಸಿಕ್ಕಿ ಎಲೆ ನುರಿದೊಡನೆ ಎರಡೂ ಕೂಡಿ ಸಯನೈಡು ಹುಟ್ಟುತ್ತದೆ. ಬರಕ್ಕೆ ಕುಂಠಿತವಾದ ಪೈರಿನಲ್ಲಿಯೂ ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿಯೂ ಈ ಅಪಾಯ ಹೆಚ್ಚು. ಬಲಿತ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಗೃಹಿಣಿಯರು ರೊಟ್ಟಿಗೆ ಹೆದರಬೇಕಾಗಿಲ್ಲ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರೆ ಅದು ತನ್ನ ಜೀವ ಉಳಿಸ್ಕೊಂಡದ್ದು, ಅಲ್ಲೇನ್ರಿ?” ಎಂದ. ರಚನೆ, ಕಾರ್ಯ, ಹೊಂದಾಣಿಕೆ ಎಂದು ಪುಸ್ತಕದಲ್ಲಿ ಮೂರು ಅಧ್ಯಾಯಗಳಾಗಿದ್ದುದು ಆ ಗಳಿಗೆಯಲ್ಲಿ ಅವನಿಗೆ ಒಂದೇ ಗಿಡವಾಗಿ ಕಂಡಿರಬೇಕು.

ನನಗೆ ಬಿ.ಜಿ.ಎಲ್. ಸ್ವಾಮಿಯವರ ನೆನಪಾಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಸಸ್ಯಗಳ ಅಂಗರಚನೆಯಲ್ಲಿ ಹೆಸರು ಮಾಡಿದ ಅವರು ಶಿಷ್ಯರೊಡನೆ ಕಾಡು ತಿರುಗಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಕನ್ನಡ ಗ್ರಂಥವಾಗಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಶಾಸ್ತ್ರ ಗಿಡದ ಬಳಿಗೆ ನಡೆದು ಹೋದರೆ ಮಾತು ತಾನಾಗಿ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ರಜೆ ಮುಗಿಸಿ ಬಂದ ಹುಡುಗನನ್ನು, “ತಂದೆಗೆ ಹೇಳಿದೆಯಾ?” ಎಂದು ಕೇಳಿದೆ. ಅವನು ನಕ್ಕ.

“ಹೇಳಿದೆ ಸರ್. ‘ಎಳೇ ಜೋಳಕ್ಕೆ ದನ ಬಿಡಬಾರದು ಅಂತ ನಮ್ಮಜ್ಜನ ಕಾಲದಿಂದ ಗೊತ್ತಲೇ ತಮ್ಮಾ, ಯಾಕೆ ಅಂತ ಗೊತ್ತಿರಲಿಲ್ಲ’ ಅಂದ. ಆಮೇಲೆ, ‘ಇನ್ನೂ ಏನೇನು ಗೊತ್ತಾಗತೈತೋ ಓದು’ ಅಂದ.”

ಅವನು ಸಸ್ಯಶಾಸ್ತ್ರವನ್ನು ಬಿಟ್ಟಿಲ್ಲ.