ಬೋರ್ಡು ಇಳಿಸಿ, ಪಾಠ ಉಳಿಸಿ

ಹಾವೇರಿ ವಿಶ್ವವಿದ್ಯಾಲಯವನ್ನು ಮುಚ್ಚಿ ಮತ್ತೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕೆಂಬ ಮಾತು ಬಂದಾಗ ಧಾರವಾಡದಲ್ಲಿ ಒಂದು ಬಗೆಯ ಒಳಗೊಳಗಿನ ಖುಷಿ ಕಂಡಿತು. ‘ನಮ್ಮದು ನಮಗ ಬಂತು ಬಿಡ್ರಿ’ ಎಂಬ ಧಾಟಿ. ಈ ಖುಷಿಗೆ ಅರ್ಥವಿಲ್ಲ. ಸಾಕಲಾಗದೆ ತವರಿಗೆ ಕಳಿಸಿದ ಕೂಸನ್ನು ತವರಾದರೂ ಸಾಕುವ ಸ್ಥಿತಿಯಲ್ಲಿದೆಯೇ ಎಂದು ಯಾರೂ ಕೇಳುತ್ತಿಲ್ಲ.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಹಾವೇರಿಯೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಹಣವಿಲ್ಲ, ಜಾಗವಿಲ್ಲ, ಹುದ್ದೆಗಳಿಲ್ಲ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಹಿಂದಿನ ಬಸವರಾಜ ಬೊಮ್ಮಾಯಿ ಸರ್ಕಾರ ಬರಿಗೈಯಲ್ಲಿ ಮೊಳ ಹಾಕಿತ್ತು. ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಕ್ಕೆ ಹೊಸ ಬೋರ್ಡು, ಕುಲಪತಿಯ ಕುರ್ಚಿ, ಕುಲಸಚಿವರ ಕಚೇರಿ ಬಂದವು. ಪಾಠ ಮಾಡುವ ಕಾಯಂ ಮಾಸ್ತರರು ಮಾತ್ರ ಬೇಕಾದಷ್ಟು ಬರಲಿಲ್ಲ. ಒಬ್ಬರು ಹೆಸರು ಕೊಟ್ಟು ಕೈ ತೊಳೆದುಕೊಂಡರು, ಇನ್ನೊಬ್ಬರು ಹೆಸರು ಕಿತ್ತು ಕೈ ತೊಳೆದುಕೊಳ್ಳಲು ಹೊರಟಿದ್ದಾರೆ. ವಿದ್ಯಾರ್ಥಿಯ ಲೆಕ್ಕದಲ್ಲಿ ಇಬ್ಬರೂ ಒಂದೇ.

ಸ್ನಾತಕೋತ್ತರ ಕೇಂದ್ರ ಎಂಬುದು ನಮ್ಮ ಭಾಗಕ್ಕೆ ಹೊಸದಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿ ಅದನ್ನು ಕಟ್ಟಿ ನಿಲ್ಲಿಸಿದರು. ಆಮೇಲೆ 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಹತ್ತು ವರ್ಷ ಪಾಠ ನಡೆದ ಮೇಲೆ, 1980ರಲ್ಲಿ, ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬೆಳಗಾವಿಯ ಕೇಂದ್ರ 1982ರದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಿದ್ದು 2010ರಲ್ಲಿ. ಸಸಿ ಬೇರು ಬಿಟ್ಟ ಮೇಲೆ ಕಿತ್ತು ನೆಡುವುದು ಆಗಿನ ಕ್ರಮ. ಈಗ ಬೀಜ ಬಿತ್ತಿದ ದಿನವೇ ತೋಟದ ಉದ್ಘಾಟನೆ, ಎರಡು ವರ್ಷಕ್ಕೆ ಫಸಲು ಬರಲಿಲ್ಲವೆಂದು ಹರಾಜು.

‘ಎಂ.ಎ. ಓದಲು ಹುಡುಗರೇ ಬರುತ್ತಿಲ್ಲ, ಕೇಂದ್ರ ಯಾಕ ಬೇಕು?’ ಎನ್ನುವವರಿದ್ದಾರೆ. ಬರುವವರು ಯಾರೆಂದು ನೋಡಿ. ಹಿರೇಕೆರೂರು, ಬ್ಯಾಡಗಿ ಸೀಮೆಯಲ್ಲಿ ಪದವಿ ಮುಗಿಸಿದ ಹುಡುಗಿಗೆ ಹಾವೇರಿ ಅಂದರೆ ಸಂಜೆ ಮನೆ ಸೇರಬಹುದಾದ ದೂರ. ಧಾರವಾಡ ಅಂದರೆ ಹಾಸ್ಟೆಲ್ಲು. ಹಾಸ್ಟೆಲ್ ಸಿಗದಿದ್ದರೆ ಮದುವೆ. ಶಕ್ತಿ ಯೋಜನೆಯಿಂದ ಟಿಕೆಟ್ಟಿನ ದುಡ್ಡು ಉಳಿಯಬಹುದು, ಬಸ್ಸಿನಲ್ಲಿ ಕಳೆಯುವ ಐದಾರು ತಾಸು ಉಳಿಯುವುದಿಲ್ಲ. ಪಿಯು ಕಾಲೇಜಿನ ಉಪನ್ಯಾಸಕಿಯಾಗಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಕೇಂದ್ರ ಮುಚ್ಚಿದರೆ ಆ ದಾರಿಯೇ ಮುಚ್ಚಿತು.

ಪಾಠಕ್ಕೇ ಮೀಸಲಾದ ಸಂಸ್ಥೆ ಕೀಳು ಎಂಬ ಭಾವನೆ ನಮ್ಮಲ್ಲಿದೆ. ಅಮೆರಿಕದ ಕಾರ್ನೆಗಿ ವರ್ಗೀಕರಣದಲ್ಲಿ ಬಹುಕಾಲ ‘ಮಾಸ್ಟರ್ಸ್ ಕಾಲೇಜು, ವಿಶ್ವವಿದ್ಯಾಲಯ’ ಎಂಬ ಪ್ರತ್ಯೇಕ ಪಂಕ್ತಿಯೇ ಇತ್ತು: ವರ್ಷಕ್ಕೆ ಕನಿಷ್ಠ 50 ಸ್ನಾತಕೋತ್ತರ ಪದವಿ, ಸಂಶೋಧನಾ ಡಾಕ್ಟರೇಟು 20ಕ್ಕಿಂತ ಕಡಿಮೆ. ಅಲ್ಲಿ ಯಾರೂ ಅದಕ್ಕೆ ನಾಚಲಿಲ್ಲ. ನಮ್ಮಲ್ಲಿ ಮಾತ್ರ ನಾಲ್ಕು ವಿಭಾಗ ನಡೆಸುವ ಕೇಂದ್ರಕ್ಕೂ ಸಿಂಡಿಕೇಟು, ಘಟಿಕೋತ್ಸವ, ಕೆಂಪು ನಿಲುವಂಗಿ ಬೇಕು. ಅಂಗಿಗೆ ತಕ್ಕ ಮೈ ಇಲ್ಲದಿದ್ದರೂ ನಡೆಯುತ್ತದೆ.

ಇನ್ನು ತವರಿನ ಮಾತು. ಧಾರವಾಡದ ವಿಭಾಗಗಳಲ್ಲೇ ಕಾಯಂ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ಸಾಗಿದೆ. ಪಿಂಚಣಿಗೇ ಹಣ ಹೊಂದಿಸಲು ವಿಶ್ವವಿದ್ಯಾಲಯ ಒದ್ದಾಡುತ್ತಿದೆ. ಹಾಸ್ಟೆಲ್ಲು, ಗ್ರಂಥಾಲಯದ ಆಸರೆಗಾಗಿ ಎಂ.ಎ. ಸೇರಿ, ಸಪ್ತಾಪುರದ ಕೋಚಿಂಗ್ ಕ್ಲಾಸಿನಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವವರು ಎಷ್ಟು ಮಂದಿ ಎಂಬುದು ಊರಿಗೇ ಗೊತ್ತಿರುವ ಗುಟ್ಟು. ಹುಡುಗರನ್ನು ದೂರಿ ಪ್ರಯೋಜನವಿಲ್ಲ; ಕ್ಲಾಸಿನಲ್ಲಿ ಮಾಸ್ತರರಿಲ್ಲದಿದ್ದರೆ ಅವರು ಎಲ್ಲಿ ಕೂಡಬೇಕು?

ಆದ್ದರಿಂದ ವಿಲೀನಕ್ಕೆ ನನ್ನ ವಿರೋಧವಿಲ್ಲ, ಷರತ್ತುಗಳಿವೆ. ಕುಲಪತಿಯ ಕುರ್ಚಿ ಬೇಕಾದರೆ ತೆಗೆಯಲಿ, ಪರೀಕ್ಷೆ, ಲೆಕ್ಕಪತ್ರ ಧಾರವಾಡವೇ ನೋಡಿಕೊಳ್ಳಲಿ. ಕೆರಿಮತ್ತಿಹಳ್ಳಿಯ ಒಂದು ವಿಭಾಗವೂ ಮುಚ್ಚಬಾರದು. ಆಡಳಿತದಲ್ಲಿ ಉಳಿಸಿದ ರೂಪಾಯಿ ಅಲ್ಲಿನ ಮಾಸ್ತರರ ಪಗಾರಕ್ಕೇ ಹೋಗಬೇಕು, ವಿಧಾನಸೌಧದ ಬೇರೆ ಬಾಬತ್ತಿಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಲೀನದ ಆದೇಶಕ್ಕೆ ಮೊದಲು ನೇಮಕಾತಿಯ ಆದೇಶ ಹೊರಡಲಿ. ಅದಿಲ್ಲದೆ ಹಾವೇರಿಯನ್ನು ಧಾರವಾಡಕ್ಕೆ ಸೇರಿಸಿದರೆ ಎರಡು ಖಾಲಿ ಸ್ಟಾಫ್ ರೂಮುಗಳಿಗೆ ಒಂದೇ ಕೀಲಿ ಹಾಕಿದಂತಾಗುತ್ತದೆ, ಅಷ್ಟೇ.