ಪೂಜಾರಿಯ ಕೈ ದಾಟಿದ ವರ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಬ್ರೆಜಿಲ್‌ನ ಬಹಿಯಾ ರಾಜ್ಯದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಡುವೆ ನಾಲ್ಕು ವರ್ಷ ಬಿಟ್ಟರೆ, ಮೂರೂವರೆ ದಶಕ ಅವರು ಅಂಥ ಒಬ್ಬ ಪೂಜಾರಿಯ ಕೈ ನೋಡಿಕೊಂಡೇ ಬದುಕಿದರು. ರಾಜಧಾನಿ ಬ್ರೆಸೀಲಿಯಾದಿಂದ ರಸ್ತೆ ಬರಲಿ, ಕಾರ್ಖಾನೆ ಬರಲಿ, ಊರಿಗೊಂದು ರೇಡಿಯೊ ಪರವಾನಗಿ ಬರಲಿ, ಅವರ ಕೈ ದಾಟದೆ ಕೆಳಗಿಳಿಯುತ್ತಿರಲಿಲ್ಲ. ಅವರ ಹೆಸರು ಆಂಟೋನಿಯೊ ಕಾರ್ಲೊಸ್ ಮಗಲ್ಯಾಯಿಸ್. ಮಿತ್ರರಿಗೂ ಶತ್ರುಗಳಿಗೂ ಎಸಿಎಂ.

1927ರಲ್ಲಿ ಸಾಲ್ವಡೋರ್ ನಗರದಲ್ಲಿ ಹುಟ್ಟಿದ ಅವರು ಓದಿದ್ದು ವೈದ್ಯಕೀಯ, ಹಿಡಿದದ್ದು ರಾಜಕೀಯ. 1954ರಲ್ಲಿ ರಾಜ್ಯದ ಶಾಸನಸಭೆಗೆ, 1958ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಗೆದ್ದರು. 1964ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಅದರ ಬೆನ್ನಿಗೆ ನಿಂತರು. ಪ್ರತಿಫಲ ತಡವಾಗಲಿಲ್ಲ. 1967ರಲ್ಲಿ ಸಾಲ್ವಡೋರ್‌ನ ಮೇಯರ್, 1971ರಲ್ಲಿ ಬಹಿಯಾದ ಗವರ್ನರ್, 1979ರಲ್ಲಿ ಮತ್ತೆ ಗವರ್ನರ್. ಈ ಮೂರಕ್ಕೂ ಜನರ ಮತ ಬೇಕಾಗಲಿಲ್ಲ. (ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ, ಮುಖ್ಯಮಂತ್ರಿ ಎಂದುಕೊಂಡರೆ ಸರಿ.)

ಸೇನಾಡಳಿತದ ಕೂಸು ಎಂದು ಅವರನ್ನು ಪಕ್ಕಕ್ಕಿಡುವುದು ಸುಲಭ. ಆದರೆ ಆ ಆಡಳಿತ ಮುಳುಗುವಾಗ ಅವರು ಜೊತೆಯಲ್ಲಿ ಮುಳುಗಲಿಲ್ಲ. 1984ರಲ್ಲಿ ಆಡಳಿತ ಪಕ್ಷ ಪಾಉಲೊ ಮಲೂಫ್ ಅವರನ್ನು ಅಧ್ಯಕ್ಷ ಹುದ್ದೆಗೆ ನಿಲ್ಲಿಸಿದಾಗ ಹಲವರು ಪಕ್ಷ ತೊರೆದರು. ಹಾಗೆ ಹೊರಟವರನ್ನು ವಾಯುಪಡೆಯ ಸಚಿವರು ಸಾಲ್ವಡೋರ್‌ಗೇ ಬಂದು ದ್ರೋಹಿಗಳೆಂದು ಜರೆದರು. ಎಸಿಎಂ ಬಹಿರಂಗವಾಗಿ ತಿರುಗಿಬಿದ್ದರು. ಸಮವಸ್ತ್ರಕ್ಕೆ ಎದುರುತ್ತರ ಕೊಡುವುದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಅವರು ಬೆಂಬಲಿಸಿದ ಟಾಂಕ್ರೆಡೊ ನೆವೆಸ್ ಗೆದ್ದರೂ ಅಧಿಕಾರ ಸ್ವೀಕರಿಸುವ ಮೊದಲೇ ಹಾಸಿಗೆ ಹಿಡಿದು ತೀರಿಕೊಂಡರು. ಆ ಸ್ಥಾನಕ್ಕೆ ಬಂದ ಜೋಸೆ ಸಾರ್ನೆ ಅವರ ಸಂಪುಟದಲ್ಲಿ ಎಸಿಎಂ ಸಂಪರ್ಕ ಖಾತೆಯ ಸಚಿವರಾದರು. ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯೋ, ಗಾಳಿ ತಿರುಗಿದ್ದನ್ನು ಗುರುತಿಸುವ ಮೂಗೋ? ನಾನಂತೂ ಮೂಗಿನ ಕಡೆ.

ಆ ಖಾತೆಯ ಮಹತ್ವ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರೆಜಿಲ್‌ನ ಹಳ್ಳಿಗಾಡನ್ನು ಆಳಿದ್ದು ‘ಕರ್ನಲ್’ ಎಂದು ಕರೆಸಿಕೊಂಡ ಜಮೀನ್ದಾರರು. ವಿಕ್ಟರ್ ನೂನೆಸ್ ಲೇಯಾಲ್ 1949ರ ತಮ್ಮ ಗ್ರಂಥದಲ್ಲಿ ಈ ವ್ಯವಸ್ಥೆಯ ಒಳಗುಟ್ಟು ಬಿಚ್ಚಿಟ್ಟರು: ಕರ್ನಲ್ ತನ್ನ ಊರಿನ ಮತಗಳನ್ನು ಸರ್ಕಾರಕ್ಕೆ ಒಪ್ಪಿಸುತ್ತಾನೆ, ಸರ್ಕಾರ ಶಾಲೆ, ಸೇತುವೆ, ನೌಕರಿಗಳನ್ನು ಅವನ ಕೈಯಿಂದ ಹಂಚಿಸುತ್ತದೆ. ಬಡವನಿಗೆ ಕಾಣುವುದು ಸರ್ಕಾರವಲ್ಲ, ಕೊಡುವ ಆ ಕೈ. ಎಸಿಎಂ ಈ ಹಳೆಯ ಯಂತ್ರಕ್ಕೆ ಆಂಟೆನಾ ಜೋಡಿಸಿದರು. ಸಾರ್ನೆ ಅವರ ಅವಧಿ ಐದು ವರ್ಷವೋ ನಾಲ್ಕೋ ಎಂಬ ಜಗ್ಗಾಟ ಸಂವಿಧಾನ ಸಭೆಯಲ್ಲಿ ನಡೆಯುತ್ತಿದ್ದ ವರ್ಷಗಳಲ್ಲೇ ಸಾವಿರಕ್ಕೂ ಹೆಚ್ಚು ರೇಡಿಯೊ, ಟಿ.ವಿ. ಪರವಾನಗಿಗಳು ಹಂಚಿಹೋದವು. ಸಂಸದರು ಐದು ವರ್ಷಕ್ಕೇ ಕೈ ಎತ್ತಿದರು. 1987ರಲ್ಲಿ ದೇಶದ ಅತಿ ದೊಡ್ಡ ಟಿ.ವಿ. ಜಾಲ ಗ್ಲೋಬೊ ಬಹಿಯಾದಲ್ಲಿ ತನ್ನ ಹಳೆಯ ಪಾಲುದಾರರನ್ನು ಬಿಟ್ಟು ‘ಟಿ.ವಿ. ಬಹಿಯಾ’ದ ಕೈ ಹಿಡಿಯಿತು. ಅದರ ಒಡೆತನ ಸಚಿವರ ಕುಟುಂಬದ್ದು. ಸಂಜೆಯ ಧಾರಾವಾಹಿಯೂ ಸುದ್ದಿಯೂ ಒಂದೇ ಮನೆಯಿಂದ ಬರತೊಡಗಿದವು.

1986ರಲ್ಲಿ ಬಹಿಯಾ ಎದುರಾಳಿ ವಾಲ್ಡಿರ್ ಪಿರೆಸ್ ಅವರನ್ನು ಆರಿಸಿತ್ತು. 1990ರಲ್ಲಿ ಎಸಿಎಂ ಮೊದಲ ಬಾರಿ ಜನರ ನೇರ ಮತದಿಂದಲೇ ಗವರ್ನರ್ ಆಗಿ ಮರಳಿದರು. ಹಾಗಾಗಿ ಅವರನ್ನು ಬರೀ ಬಂದೂಕಿನ ನೆರಳಿನಲ್ಲಿ ಬೆಳೆದವರು ಎಂದರೆ ತಪ್ಪಾಗುತ್ತದೆ. ಕೆಲಸ ಮಾಡಿ ತೋರಿಸುವ ಹಟ ಅವರಲ್ಲಿತ್ತು. ಕಾದಂಬರಿಕಾರ ಜಾರ್ಜ್ ಅಮಾಡೊ ಒಂದು ಕಾಲದ ಕಮ್ಯುನಿಸ್ಟ್. ಅವರೂ ಎಸಿಎಂ ಗೆಳೆಯರು. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬದಿಂದಲೇ ಹೆಸರು ಪಡೆದ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪೆಲೊರಿನ್ಯೊ ಬಡಾವಣೆಗೆ ಬಣ್ಣ ಬಳಿಸಿ ಎಬ್ಬಿಸಿ ನಿಲ್ಲಿಸಿದ್ದು ಎಸಿಎಂ ಸರ್ಕಾರ. ಅಲ್ಲಿ ನೆಲೆಸಿದ್ದ ಬಡ ಕಪ್ಪು ಕುಟುಂಬಗಳನ್ನು ಅಷ್ಟಿಷ್ಟು ಪರಿಹಾರ ಕೊಟ್ಟು ಎಬ್ಬಿಸಿ ಕಳಿಸಿದ್ದೂ ಅದೇ ಸರ್ಕಾರ. ಜನ ಅವರಿಗೆ ಎರಡು ಅಡ್ಡಹೆಸರು ಇಟ್ಟಿದ್ದರು: ಒಂದು ಕೇಡಿನ ಟೊನಿನ್ಯೊ, ಇನ್ನೊಂದು ಅಕ್ಕರೆಯ ಟೊನಿನ್ಯೊ.

ಉತ್ತರಾಧಿಕಾರಿಯಾಗಿ ಬೆಳೆಸಿದ್ದು ಮಗ ಲೂಯಿಸ್ ಎಡ್ವಾರ್ಡೊ ಅವರನ್ನು. ಸಂಸತ್ತಿನ ಕೆಳಮನೆಯ ಅಧ್ಯಕ್ಷರಾಗಿದ್ದ ಅವರು ಮುಂದೆ ದೇಶದ ಅಧ್ಯಕ್ಷರಾಗಬಹುದು ಎಂಬ ಮಾತಿತ್ತು. 1998ರ ಏಪ್ರಿಲ್‌ನಲ್ಲಿ, 43ನೇ ವಯಸ್ಸಿಗೇ, ಹೃದಯಾಘಾತ ಅವರನ್ನು ಒಯ್ದಿತು. ಸಾಲ್ವಡೋರ್‌ನ ವಿಮಾನ ನಿಲ್ದಾಣಕ್ಕೆ, ಪಶ್ಚಿಮ ಬಹಿಯಾದ ಸೋಯಾ ಸೀಮೆಯ ಒಂದು ಪಟ್ಟಣಕ್ಕೆ ಅವರ ಹೆಸರು ಬಂತು. ಅಪ್ಪ ಆಗ ಸೆನೆಟ್ ಅಧ್ಯಕ್ಷರು. ಸೆನೆಟರ್ ಒಬ್ಬರ ಉಚ್ಚಾಟನೆಗೆ 2000ದಲ್ಲಿ ನಡೆದ ಗುಪ್ತ ಮತದಾನದಲ್ಲಿ ಯಾರು ಯಾವ ಕಡೆ ಮತ ಹಾಕಿದರೆಂಬ ಪಟ್ಟಿ ಅವರ ಕೈ ಸೇರಿದ್ದು ಬಯಲಾಯಿತು. ಉಚ್ಚಾಟನೆಯ ಕತ್ತಿ ತಮ್ಮ ಮೇಲೇ ತೂಗತೊಡಗಿದಾಗ 2001ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ತೆರವಾದ ಸ್ಥಾನಕ್ಕೆ ನಿಯಮದಂತೆ ಬಂದ ಬದಲಿ ಸದಸ್ಯ ಇನ್ನೊಬ್ಬ ಮಗ! ಮರುವರ್ಷ ಬಹಿಯಾ ಅಪ್ಪನನ್ನೇ ಮತ್ತೆ ಸೆನೆಟ್‌ಗೆ ಕಳಿಸಿತು.

ಹಗರಣಕ್ಕೆ ಜಗ್ಗದ ಈ ಕೋಟೆ ಕುಸಿದದ್ದು ಒಂದು ಬ್ಯಾಂಕ್ ಕಾರ್ಡಿನ ಮುಂದೆ. ಸೆನೆಟ್ ಅಧ್ಯಕ್ಷರಾಗಿದ್ದಾಗ ಎಸಿಎಂ ಪಟ್ಟು ಹಿಡಿದು ಬಡತನ ನಿವಾರಣಾ ನಿಧಿಯೊಂದನ್ನು ಸಂವಿಧಾನಕ್ಕೆ ಸೇರಿಸಿದ್ದರು. 2000ದ ಆ ತಿದ್ದುಪಡಿಯಂತೆ ಬ್ಯಾಂಕ್ ವಹಿವಾಟಿನ ತೆರಿಗೆಯ ಒಂದು ಪಾಲು ನಿಧಿಗೆ ಬರುತ್ತಿತ್ತು. ಮಕ್ಕಳನ್ನು ಶಾಲೆಗೆ ಕಳಿಸುವ ಬಡ ಕುಟುಂಬಗಳಿಗೆ ನೆರವು ಕೊಡುವ ಯೋಜನೆಗೆ, ಮುಂದೆ ಅಧ್ಯಕ್ಷ ಲೂಲಾ ಅವರ ‘ಬೊಲ್ಸಾ ಫಮಿಲಿಯಾ’ಕ್ಕೆ ಆ ಹಣ ನೆರವಾಯಿತು. ಈ ಹಣ ಮೇಯರ್ ಕೈಗೂ ಇಲ್ಲ, ಗವರ್ನರ್ ಕೈಗೂ ಇಲ್ಲ. ಸರ್ಕಾರಿ ಬ್ಯಾಂಕಿನ ಕಾರ್ಡ್ ಮೂಲಕ ನೇರ ಕುಟುಂಬಕ್ಕೆ, ಅದರಲ್ಲೂ ತಾಯಿಯ ಹೆಸರಿಗೆ. ಅತಿ ಹೆಚ್ಚು ಫಲಾನುಭವಿಗಳಿರುವ ರಾಜ್ಯಗಳಲ್ಲಿ ಬಹಿಯಾ ಒಂದು. ಪೂಜಾರಿ ತಾನೇ ಬೇಡಿ ತಂದ ವರ ಗುಡಿಯ ಹೊರಗೇ ಹಂಚಿಹೋಯಿತು.

2006ರ ಚುನಾವಣೆಯಲ್ಲಿ ಎಸಿಎಂ ಬಳಗದ ಗವರ್ನರ್ ಪಾಉಲೊ ಸೋಟೊ ಗೆಲ್ಲುವುದು ಖಚಿತ ಎಂದೇ ಸಮೀಕ್ಷೆಗಳು ಹೇಳಿದ್ದವು. ಲೂಲಾ ಪಕ್ಷದ ಜಾಕ್ಸ್ ವಾಗ್ನರ್ ಮೊದಲ ಸುತ್ತಿನಲ್ಲೇ ಗೆದ್ದರು. ಕಾರ್ಡ್ ಒಂದೇ ಕಾರಣ ಎನ್ನಲಾರೆ. ಲೂಲಾ ಅಲೆ ಇತ್ತು, ಯಜಮಾನರಿಗೆ ವಯಸ್ಸಾಗಿತ್ತು. ಆದರೆ ಕೊಡುವ ಕೈ ಬೇರೆಲ್ಲೋ ಇದೆ ಎಂದು ಬಡವರಿಗೆ ಗೊತ್ತಾದ ಮೇಲೆ ಹಳೆಯ ಹಂಗು ಉಳಿಯಲಿಲ್ಲ. ಮರುವರ್ಷ ಜುಲೈ 20ರಂದು ಎಸಿಎಂ ತೀರಿಕೊಂಡರು.

ಅವರ ಹಳೆಯ ಶಿಷ್ಯರು ಮಾತ್ರ ಗುರುವಿನಿಂದ ಮೂಗಿನ ಪಾಠ ಚೆನ್ನಾಗಿಯೇ ಕಲಿತಿದ್ದರು. ಅವರ ಬಳಗದಿಂದ ಗವರ್ನರ್ ಆಗಿದ್ದ ಸೀಸರ್ ಬೊರ್ಜೆಸ್ ಲೂಲಾ ಅವರದೇ ಎಡಪಕ್ಷದಿಂದ ದೇಶದ ಅಧ್ಯಕ್ಷೆಯಾದ ದಿಲ್ಮಾ ರೂಸೆಫ್ ಸಂಪುಟದಲ್ಲಿ ಸಚಿವರಾದರು. ಉಪ ಗವರ್ನರ್ ಆಗಿದ್ದ ಒಟ್ಟೊ ಅಲೆಂಕಾರ್ 2014ರಲ್ಲಿ ಅದೇ ಪಕ್ಷದ ಮೈತ್ರಿಕೂಟದಿಂದ ಸೆನೆಟರ್ ಆದರು. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ ಎಸಿಎಂ ನೇಟೊ ಎಂಟು ವರ್ಷ ಸಾಲ್ವಡೋರ್‌ನ ಮೇಯರ್ ಆಗಿದ್ದು, 2022ರಲ್ಲಿ ಗವರ್ನರ್ ಹುದ್ದೆಗೆ ನಿಂತರು. ತಿಂಗಳುಗಟ್ಟಲೆ ಸಮೀಕ್ಷೆಗಳಲ್ಲಿ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಲೂಲಾ ಪಕ್ಷದ ಜೆರೋನಿಮೊ ರೊಡ್ರಿಗೆಸ್ ಶೇ 52.79 ಮತ ಪಡೆದು ಅವರನ್ನು ಸೋಲಿಸಿದರು.