ಪರೀಕ್ಷೆಯ ಹಾಳೆಗೆ ಕಾಣದ ಮಾತು: ಡಿಮ್ಹಾನ್ಸ್ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರಿಗೆ,
ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಧಾರವಾಡ



ನಾನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಕಲ್ಯಾಣದ ಕೆಲಸ ನೋಡಿಕೊಳ್ಳುವವನು. ವೈದ್ಯನಲ್ಲ, ಭಾಷಾಶಾಸ್ತ್ರ ಓದಿದವನೂ ಅಲ್ಲ. ತಮ್ಮಲ್ಲಿ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಲಕ್ವಾ ಹೊಡೆದವರ, ಮರೆವಿನ ಕಾಯಿಲೆ ಬಂದವರ ನೆನಪು, ಬುದ್ಧಿ, ಮಾತು ಅಳೆಯುವ ಪರೀಕ್ಷೆಗಳು ಹುಬ್ಬಳ್ಳಿ-ಧಾರವಾಡದ ಜನ ದಿನಾ ಆಡುವ ಮಾತುಗಳಲ್ಲಿ ಸಿದ್ಧವಾಗಬೇಕು. ವೈದ್ಯರು, ಮನಶ್ಶಾಸ್ತ್ರಜ್ಞರು, ಭಾಷಾತಜ್ಞರು ಕೂಡಿ ಕೂತು ಅವನ್ನು ಸಿದ್ಧಪಡಿಸಬೇಕು. ಆ ಕೆಲಸಕ್ಕೆ ತಮ್ಮ ಸಂಸ್ಥೆ ಮುಂದೆ ನಿಲ್ಲಬೇಕು.

ಮೊದಲ ಪಾಳಿ ಬಿಟ್ಟಾಗ ನಮ್ಮ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ನಿಂತರೆ ಈ ಬೇಡಿಕೆಯ ಕಾರಣ ಕಿವಿಗೇ ಬೀಳುತ್ತದೆ. ಗರಗ, ನರೇಂದ್ರ, ಮುಮ್ಮಿಗಟ್ಟಿ, ಕೋಟೂರಿನವರು ಕನ್ನಡ ಮಾತಾಡುತ್ತಾರೆ. ಖಾನಾಪುರದ ಕಡೆಯವರು ತಮ್ಮತಮ್ಮಲ್ಲಿ ಮರಾಠಿ, ನಮ್ಮ ಮುಸ್ಲಿಂ ಗೆಳೆಯರು ಮನೆಗೆ ಫೋನು ಹಚ್ಚಿದರೆ ದಖನಿ ಉರ್ದು, ಬಿಹಾರ-ಒಡಿಶಾದಿಂದ ಗುತ್ತಿಗೆಗೆ ಬಂದ ಹುಡುಗರ ಜೊತೆ ಎಲ್ಲರೂ ಹಿಂದಿ. ಒಬ್ಬನೇ ಮನುಷ್ಯ ಒಂದು ಕಪ್ ಚಹಾ ಮುಗಿಯುವುದರೊಳಗೆ ಎದುರಿಗಿದ್ದವರನ್ನು ನೋಡಿ ಮೂರು ಸಲ ಮಾತು ಬದಲಿಸುತ್ತಾನೆ. ಇವರಲ್ಲಿ ಹಿರಿಯರಾದವರು ಎಷ್ಟೋ ಮಂದಿ ಈ ಭಾಷೆಗಳನ್ನು ಪುಸ್ತಕ ಹಿಡಿದು ಕಲಿತವರಲ್ಲ, ಕೇಳಿ ಕೇಳಿ ಕಲಿತವರು.

ನಮ್ಮ ಯಂತ್ರ ವಿಭಾಗದ ಹುಡುಗನೊಬ್ಬನ ತಂದೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಮನೆಯಲ್ಲಿ ಉರ್ದು, ಊರಲ್ಲಿ ಕನ್ನಡ, ಪ್ರಾಯದಲ್ಲಿ ಇಚಲಕರಂಜಿಯ ಮಗ್ಗಗಳಲ್ಲಿ ದುಡಿದದ್ದರಿಂದ ಮರಾಠಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಸ್ಪತ್ರೆಯೊಂದರಲ್ಲಿ ಅವರಿಗೆ ಚಿತ್ರ ತೋರಿಸಿ ಹೆಸರು ಕೇಳಿದರು, ವಾಕ್ಯ ಓದಲು ಹೇಳಿದರು, ಎಲ್ಲವೂ ಪುಸ್ತಕದ ಕನ್ನಡದಲ್ಲಿ. ಅಂಕ ತೀರ ಕಡಿಮೆ ಬಂತು. ಅವತ್ತೇ ಸಂಜೆ ಮಗ ನನ್ನೆದುರು ಕಣ್ಣೀರು ಹಾಕಿದ: "ಅಬ್ಬಾಗ ಬುದ್ಧಿ ಹೋಗಿಲ್ರಿ ಸಾಹೇಬ್ರ. ಎಮ್ಮಿ ಯಾರು ಹಿಂಡಿದ್ರು ಅಂತ ಉರ್ದುದಾಗ ಕೇಳಿದಾನ್ರಿ. ಅದನ್ನ ಆ ಹಾಳ್ಯಾಗ ಬರಕೊಳ್ಳವರು ಯಾರೂ ಇಲ್ರಿ." ಪರೀಕ್ಷೆ ಮಾಡಿದ ವೈದ್ಯರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿದ್ದ ಹಾಳೆ ಅಷ್ಟನ್ನೇ ಕೇಳುತ್ತಿತ್ತು. ಹಲವು ಭಾಷೆ ಬಲ್ಲವರಿಗೆ ಮೆದುಳಿಗೆ ಪೆಟ್ಟಾದಾಗ ಎಲ್ಲ ಭಾಷೆಗಳೂ ಒಂದೇ ಸಮ ಕೆಡುವುದಿಲ್ಲ, ಒಂದೇ ವೇಗದಲ್ಲಿ ಮರಳುವುದೂ ಇಲ್ಲ. 1895ರಲ್ಲೇ ಫ್ರಾನ್ಸಿನ ಆಲ್ಬರ್ಟ್ ಪಿತ್ರ್ ಎಂಬ ವೈದ್ಯ ಇದನ್ನು ದಾಖಲಿಸಿದ್ದಾನೆ. ಒಂದೇ ಭಾಷೆಯಲ್ಲಿ ಕೇಳಿ ಷರಾ ಬರೆದರೆ ಆ ಷರಾ ಅರೆಬರೆಯದೇ ಆಗುತ್ತದೆ, ಮುಂದಿನ ಚಿಕಿತ್ಸೆಯೂ ಅದರ ಹಿಂದೆಯೇ ಹೋಗುತ್ತದೆ.

ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಕೆಲಸ ಆಗಿಲ್ಲವೆಂದಲ್ಲ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ 30 ಅಂಕಗಳ ಮಿನಿ ಮೆಂಟಲ್ ಪರೀಕ್ಷೆ ಓದುಬರಹ ಬಾರದವರನ್ನು ಸುಮ್ಮನೆ ಫೇಲು ಮಾಡುತ್ತದೆಂದು ಕಂಡ ಸಂಶೋಧಕರು, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೂತು 1990ರ ದಶಕದಲ್ಲಿ ಅದನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿದರು. ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದಿನಿಂದ ಹೇಳಿಸುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಹೊಲದಲ್ಲಿ ದುಡಿದು ಮುದುಕನಾದವನಿಗೆ ಅದು ನ್ಯಾಯವಾದ ಪ್ರಶ್ನೆ. ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ನೆನಪು-ಬುದ್ಧಿ ಅಳೆಯುವ ನ್ಯೂರೋಕಾಗ್ನಿಟಿವ್ ಟೂಲ್ ಬಾಕ್ಸ್ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಂದಿದೆ. ಮಾತು ಹೋದವರಿಗಾಗಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲಿ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಇವೆಲ್ಲ ನಮಗೆ ಬುನಾದಿ. ಆದರೆ ಬೆಂಗಳೂರು-ಮೈಸೂರಿನ ಕನ್ನಡ ಕೇಳಿದರೆ ಗರಗದ ಅಜ್ಜಿ ಒಂದು ಗಳಿಗೆ ತಡೆಯುತ್ತಾಳೆ, ಕಾಲ ಅಳೆಯುವ ಪರೀಕ್ಷೆಯಲ್ಲಿ ಆ ಒಂದು ಗಳಿಗೆಗೂ ಲೆಕ್ಕವಿದೆ.

ಧಾರವಾಡದ, ಗಡಿಯಾಚೆಯ ಮಾತಿನ ಬಗೆಗಳನ್ನು ಹೊರಗಿನವರು ಬಂದು ಅಧ್ಯಯನ ಮಾಡಿ ಹೋದದ್ದು ತಮಗೆ ಗೊತ್ತೇ ಇದೆ. ವಿಲಿಯಂ ಮೆಕಾರ್ಮ್ಯಾಕ್ 1960ರಲ್ಲೇ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಮೇಲೆ ಪ್ರಬಂಧ ಪ್ರಕಟಿಸಿದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಸಾಂಗಲಿ ಜಿಲ್ಲೆಯ ಕುಪವಾಡದ ಅಧ್ಯಯನವಂತೂ ಜಗತ್ತಿನ ಭಾಷಾಶಾಸ್ತ್ರದಲ್ಲೇ ಹೆಸರಾಯಿತು. ಅಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ತಲೆಮಾರುಗಟ್ಟಲೆ ಕೂಡಿ ಬಾಳಿ, ಪದಗಳು ಬೇರೆಬೇರೆ ಉಳಿದರೂ ವಾಕ್ಯದ ಕಟ್ಟಡ ಒಂದೇ ಆಗಿತ್ತು. ನಮ್ಮ ಚಹಾ ಅಂಗಡಿಯೂ ಆ ನಾಡಿನದೇ ಮುಂದುವರಿಕೆ. ಇಷ್ಟು ಹೆಸರುವಾಸಿಯಾದ ತಿಳಿವಳಿಕೆ ನಮ್ಮ ರೋಗಿಯ ಮಂಚದ ತನಕ ಬರಬೇಕು ಎಂಬುದೇ ನನ್ನ ಕಳಕಳಿ.

ಇದು ರೋಗಿಯ ಅನುಕೂಲಕ್ಕಷ್ಟೇ ಸೀಮಿತವಾದ ಮಾತಲ್ಲ, ವಿಜ್ಞಾನಕ್ಕೂ ನಮ್ಮಿಂದ ಸಲ್ಲಬೇಕಾದದ್ದಿದೆ. ಎರಡು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ತಡವಾಗಿ ಬರುತ್ತದೆಂದು 2007ರಲ್ಲಿ ಕೆನಡಾದ ಟೊರೊಂಟೊದಿಂದ ವರದಿ ಬಂದಾಗ, ಅಲ್ಲಿಯ ದ್ವಿಭಾಷಿಕರು ಹೆಚ್ಚಾಗಿ ವಲಸಿಗರು, ಕಾರಣ ವಲಸೆಯೇ ಇರಬಹುದಲ್ಲ ಎಂದು ಹಲವರು ತಕರಾರು ತೆಗೆದರು. 2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದದ್ದನ್ನು ತೋರಿಸಿದರು. ಆ ಜನ ಹುಟ್ಟಾ ಅಲ್ಲಿಯವರೇ, ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. 2016ರಲ್ಲಿ ಲಕ್ವಾ ಆದ 608 ಜನರ ಅಧ್ಯಯನದಲ್ಲಿ ದ್ವಿಭಾಷಿಕರ ಪೈಕಿ ಶೇ 40.5ರಷ್ಟು ಮಂದಿಯ ಬುದ್ಧಿಶಕ್ತಿ ಸರಿಯಾಗಿತ್ತು. ಒಂದೇ ಭಾಷೆಯವರಲ್ಲಿ ಅದು ಶೇ 19.6. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡಿಲ್ಲ, ಆದ್ದರಿಂದ ಚರ್ಚೆ ಇನ್ನೂ ಮುಗಿದಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಇನ್ನೂ ಹೆಚ್ಚು ಲಾಭವಿದೆಯೇ ಎಂದು ನೋಡಿದಾಗ ಹೈದರಾಬಾದಿನಲ್ಲಿ ಹಾಗೆ ಕಾಣಲಿಲ್ಲ. ಮೂರು ನಾಲ್ಕು ಭಾಷೆಗಳಲ್ಲಿ ಬದುಕುವ ನಮ್ಮ ಭಾಗದಲ್ಲಿ ಆ ಪ್ರಶ್ನೆಯನ್ನು ಮತ್ತೆ ಕೇಳಬೇಕು. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆಯೆಂಬ ಅಂದಾಜು ಇರುವಾಗ ಇದನ್ನು ಮುಂದೂಡುವಂತಿಲ್ಲ.

ಬೇಕಾದವರೆಲ್ಲ ಹುಬ್ಬಳ್ಳಿ-ಧಾರವಾಡದಲ್ಲೇ ಇದ್ದಾರೆ. 1845ರಿಂದ ಮನೋರೋಗಿಗಳನ್ನು ನೋಡಿಕೊಂಡು ಬಂದ ತಮ್ಮ ಸಂಸ್ಥೆ, ಕರ್ನಾಟಕ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಮತ್ತು ಕನ್ನಡ ಅಧ್ಯಯನ ಪೀಠ, ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು. ತಾವು ಇವರನ್ನು ಒಂದು ಕಡೆ ಕರೆಯಿರಿ. ಸ್ನಾತಕೋತ್ತರ ವಿದ್ಯಾರ್ಥಿಯ ಒಂದು ಪ್ರಬಂಧಕ್ಕೆ ವೈದ್ಯರೊಬ್ಬರು, ಭಾಷಾತಜ್ಞರೊಬ್ಬರು ಇಬ್ಬರೂ ಮಾರ್ಗದರ್ಶಕರಾಗಿರಲಿ. ಪ್ರತಿ ರೋಗಿಯ ಕಡತದಲ್ಲಿ ಮನೆಮಾತು ಯಾವುದು, ಯಾವ ಭಾಷೆ ಯಾವ ವಯಸ್ಸಿನಲ್ಲಿ ಬಂತು, ಈಗ ಯಾರ ಜೊತೆ ಯಾವುದು ಎಂದು ಬರೆದುಕೊಳ್ಳುವುದನ್ನಂತೂ ನಾಳೆಯಿಂದಲೇ ಶುರು ಮಾಡಬಹುದು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದ್ದರಿಂದ ನಮ್ಮ ಭಾಗದಲ್ಲಿ ಇಂಥದ್ದು ಆಗದೆಂದು ಯಾರೂ ಹೇಳಲಾರರು.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಸಂಶೋಧನೆಗೆಂದು ಬೇಲೂರಿಗೆ ಬಂದರೆ, ಯಾವ ಕಾರ್ಮಿಕನ ಅಂಕವೂ ಅವನ ಕಾರ್ಖಾನೆಯ ಕಚೇರಿಗೆ ತಲುಪಕೂಡದು. ನೆನಪಿನ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಗುತ್ತಿಗೆ ಹೋಗುತ್ತದೆ ಎಂಬ ಹೆದರಿಕೆ ಇಲ್ಲಿ ದೊಡ್ಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಅದನ್ನು ಅವರ ಮಾತಿನಲ್ಲೇ ತಿಳಿಸಿ ಹೇಳಿ, ಆಮೇಲೆ ಒಪ್ಪಿಗೆ ಪಡೆಯಬೇಕು. ಮನೆಯ ಹಿರಿಯರನ್ನು ಕರೆತರಲು ಒಪ್ಪುವ ಕುಟುಂಬಗಳ ಜೊತೆ ಮಾತಾಡುವ ಕೆಲಸ ನನಗಿರಲಿ. ಪಾಳಿ ತಪ್ಪದಂತೆ ಭಾನುವಾರ ಗರಗದಲ್ಲಾಗಲಿ ನರೇಂದ್ರದಲ್ಲಾಗಲಿ ಕೂಡಿಸಬಹುದು. ತಾವು ಮೊದಲ ಸಭೆಯ ದಿನ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ಕಾರ್ಮಿಕ ಕಲ್ಯಾಣ ಅಧಿಕಾರಿಯೊಬ್ಬ
ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ